ಶುಭ ಕೋರುವವರು

ನಮ್ಮ ಕಡೆ ಒಬ್ಬ ಮನುಷ್ಯ ಹುಟ್ಟಿದ್ದು, ಗೆದ್ದದ್ದು, ಸತ್ತದ್ದು ಯಾವುದೂ ಫ್ಲೆಕ್ಸ್ ಕಟ್ಟುವವರೆಗೆ ಪಕ್ಕಾ ಅಲ್ಲ. ಸಾಗರದಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡು ಅನ್ನ ತಿನ್ನುವ ನಾನು ಇದನ್ನು ದೂರುವುದು ಸರಿಯಲ್ಲ, ಆದರೂ ಹೇಳಿಬಿಡುತ್ತೇನೆ. ಫ್ಲೆಕ್ಸಿನಲ್ಲಿ ಮುಖ್ಯವಾದದ್ದು ಮೇಲಿರುವ ದೊಡ್ಡ ಮುಖವಲ್ಲ, ಕೆಳಗೆ 'ಶುಭ ಕೋರುವವರು' ಎಂಬ ಸಾಲಿನಲ್ಲಿ ಒತ್ತೊತ್ತಾಗಿ ಕೂರುವ ಸಣ್ಣ ಮುಖಗಳು. ದೊಡ್ಡ ಮುಖದವನಿಗೆ ಬೇಜಾರಾದರೂ ನಡೆಯುತ್ತದೆ, ಅವನು ಸತ್ತಿರಲೂಬಹುದು. ಸಣ್ಣ ಮುಖದವರಲ್ಲಿ ಒಬ್ಬರ ಮೀಸೆ ಮಸುಕಾದರೂ ನನ್ನ ಅಂಗಡಿಗೆ ಸಂಚಕಾರ. ಒಮ್ಮೆ ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಒಬ್ಬರು ಕೂಲಿಂಗ್ ಗ್ಲಾಸ್ ಹಾಕಿ ಹೆಬ್ಬೆರಳೆತ್ತಿದ ಫೋಟೋವೇ ಆಗಬೇಕೆಂದು ಹಟ ಹಿಡಿದರು. ಹಾಕಿದೆ. ತೀರಿಕೊಂಡವರ ಮನೆಯವರು ಏನೂ ಅನ್ನಲಿಲ್ಲ, ಅವರ ಫೋಟೋಗಳೂ ಅದೇ ಸಾಲಿನಲ್ಲಿದ್ದವು.

ಈ ಸಾಲಿನ ಖಾಯಂ ಗಿರಾಕಿ ನಾಗೇಂದ್ರಣ್ಣ. ಹಿಂದೊಮ್ಮೆ ನಗರಸಭೆಯ ಸದಸ್ಯರಾಗಿದ್ದವರು, ಮುಂದೊಮ್ಮೆ ಆಗುವವರು. ನಡುವಿನ ಕಾಲವನ್ನು ನನ್ನ ಅಂಗಡಿಯ ಬೆಂಚಿನ ಮೇಲೆ ಪೇಪರು ಓದುತ್ತ ಕಳೆಯುತ್ತಾರೆ. ಅವರು ಶುಭ ಕೋರದ ಕಬಡ್ಡಿ ಪಂದ್ಯ, ಆರೋಗ್ಯ ಶಿಬಿರ, ಹೋಟೆಲ್ ಉದ್ಘಾಟನೆ ಈ ಊರಿನಲ್ಲಿ ನಡೆದಿಲ್ಲ. ಅವರ ಎದುರಾಳಿ ಗೋಪಾಲಪ್ಪನವರು ಅಂಗಡಿಗೆ ಬರುವುದಿಲ್ಲ, ಫೋನಿನಲ್ಲೇ ಶುಭ ಕೋರುತ್ತಾರೆ. ಇವರಿಬ್ಬರ ಮುಖವನ್ನೂ ಚೆಂದಗಾಣಿಸುವ ಕೆಲಸ ನನ್ನ ಡಿಸೈನರ್ ಸ್ಪಂದನಾಳದು. ಹೊಸನಗರದಿಂದ ದಿನಾ ಬಸ್ಸಿನಲ್ಲಿ ಬರುವ ಈ ಹುಡುಗಿಯ ಕೈಗೆ ಸಿಕ್ಕರೆ ಎಂಥ ಮುಖವೂ ತೊಳೆದಿಟ್ಟ ಹಾಗಾಗುತ್ತದೆ.

ಒಂದು ಮಧ್ಯಾಹ್ನ ಅವಳು, "ಸರ್, ನಮ್ದೇ ಒಂದು ಫ್ಲೆಕ್ಸ್ ಇದೆ" ಎಂದಳು. ತೀರ್ಥಹಳ್ಳಿಯಲ್ಲಿರುವ ಅವಳ ಗೆಳೆಯರು ಒಂದು ಸಾಕ್ಷ್ಯಚಿತ್ರ ಮಾಡಿದ್ದಾರಂತೆ. ದ್ವಿಲೈಂಗಿಕ ಯುವಜನರ ಬಗ್ಗೆ, ಅಂದರೆ ಗಂಡಿನ ಮೇಲೂ ಹೆಣ್ಣಿನ ಮೇಲೂ ಪ್ರೀತಿ ಹುಟ್ಟಬಹುದಾದ ನಮ್ಮ ಕಡೆಯ ಹುಡುಗ ಹುಡುಗಿಯರ ಬಗ್ಗೆ. ಸಾಗರದಲ್ಲೇ ಹಾಲ್ ಗೊತ್ತು ಮಾಡಿದ್ದಾರೆ. "ಅದ್ರಲ್ಲಿ ನಾನೂ ಮಾತಾಡಿದೀನಿ ಸರ್. ಮುಖ ಮುಚ್ಚಿಲ್ಲ" ಎಂದಳು. ನಾನು ವಿಚಾರವಂತ. ಇಂಥ ಸಂದರ್ಭಕ್ಕೆಂದೇ ನನ್ನ ಹತ್ತಿರ ಒಂದು ಮುಖವಿದೆ, ಅದನ್ನು ಹಾಕಿಕೊಂಡೆ. ಅವಳು ಹೊಸ ಸ್ಕೂಟರ್ ತಗೊಂಡೆ ಎಂದಿದ್ದರೆ ಹೇಗೆ ಹೇಳುತ್ತಿದ್ದೆನೋ ಹಾಗೆಯೇ "ಒಳ್ಳೇದಾಯ್ತಮ್ಮ" ಎಂದೆ. ಮರುಕ್ಷಣವೇ ತಡೆಯಲಾರದೆ, "ಮನೇಲಿ ಗೊತ್ತಾ?" ಎಂದು ಕೇಳಿಯೂ ಬಿಟ್ಟೆ.

"ಅಮ್ಮಂಗೆ ಹೇಳಿದೀನಿ. ಅವತ್ತಿಂದ ಊಟ ಬಡಿಸ್ತಾಳೆ, ಮಾತಾಡಲ್ಲ. ಸಿನಿಮಾ ನೋಡೋಕೆ ಬಾ ಅಂದೆ. ನಾಕು ಜನ ಏನಂತಾರೆ ಅಂದ್ಲು, ಅಷ್ಟೇ. ಬೇರೆ ಯಾರು ಬರ್ದಿದ್ರೂ ನಡೀತದೆ ಸರ್, ಅಮ್ಮ ಬರ್ಬೇಕು."

ಅವಳ ತಾಯಿ ಹೊಸನಗರದಲ್ಲಿ ಹೈಸ್ಕೂಲ್ ಟೀಚರ್. ಪೇಟೆಯ ಅರ್ಧ ಜನ ಅವರ ಕೈಕೆಳಗೆ ಕಲಿತವರು. ನಮಗೆಲ್ಲ 'ನಾಲ್ಕು ಜನ' ಎಂಬುದು ಬರಿಯ ಮಾತು, ಅವರಿಗೆ ಮಾತ್ರ ಆ ನಾಲ್ಕು ಜನರ ಹೆಸರೂ ಗೊತ್ತು, ಮಾರ್ಕ್ಸೂ ಗೊತ್ತು. ಬರಲಾರರು ಎಂದೇ ನನಗನಿಸಿತು.

ಅಷ್ಟರಲ್ಲಿ ಬೆಂಚಿನ ಕಡೆಯಿಂದ ಪೇಪರು ಕೆಳಗಿಳಿಯಿತು. "ಎಂತ ಪ್ರೋಗ್ರಾಮು?" ಎಂದರು ನಾಗೇಂದ್ರಣ್ಣ. ಸ್ಪಂದನಾ ಮುಚ್ಚುಮರೆಯಿಲ್ಲದೆ ಹೇಳತೊಡಗಿದಳು. ಅವಳು 'ಯುವಜನರು' ಎನ್ನುವವರೆಗೆ ಮಾತ್ರ ಅವರು ಕೇಳಿದರು. "ಯುವಕರ ಕಾರ್ಯಕ್ರಮ ಅಲ್ವಾ? ನಂದೊಂದು ಫೋಟೋ ಇರ್ಲಿ. ಬಿಳಿ ಶರ್ಟಿಂದು."

"ಅಣ್ಣ, ವಿಷಯ ಪೂರ್ತಿ ಕೇಳಿ ಒಂಚೂರು."

"ವಿಷಯ ಎಲ್ಲ ನೀವು ಹುಡುಗ್ರು ನೋಡ್ಕಳಿ. ನಮ್ಮ ಸಪೋರ್ಟ್ ಇದೆ."

ಸಂಜೆಯೊಳಗೆ ಗೋಪಾಲಪ್ಪನವರ ಫೋನು ಬಂತು. ನಾಗೇಂದ್ರನದ್ದು ಇದ್ದ ಮೇಲೆ ನಮ್ಮದು ಯಾಕಿಲ್ಲ ಎಂದರು. ಅವರ ಹಿಂದೆ ಅವರ ಭಾವಮೈದ, ನಾಗೇಂದ್ರಣ್ಣನ ಹಿಂದೆ ಅವರ ಅಭಿಮಾನಿ ಬಳಗ. ಸ್ಪಂದನಾ ಪ್ರತಿಯೊಬ್ಬರಿಗೂ ಡಿಸೈನನ್ನು ವಾಟ್ಸಾಪ್ ಮಾಡಿ, ಓದಿ ನೋಡಿ ಹೇಳಿ ಎಂದಳು. ಪ್ರತಿಯೊಬ್ಬರೂ ತಮ್ಮ ಮುಖವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ ಓಕೆ ಎಂದರು. ಮೇಲೆ ಏನು ಬರೆದಿದೆ ಎಂದು ಒಬ್ಬರೂ ನೋಡಲಿಲ್ಲ. ಈ ಕಸುಬಿನಲ್ಲಿ ಕೂದಲು ನರೆತ ನನಗೆ ಇದು ಹೊಸ ಅನುಭವವೇನಲ್ಲ.

ಫ್ಲೆಕ್ಸುಗಳು ಸಾಗರದಲ್ಲೂ ಹೊಸನಗರದ ಬಸ್ ಸ್ಟ್ಯಾಂಡಿನಲ್ಲೂ ಏರಿದವು. ಮಾರನೆಯ ಬೆಳಿಗ್ಗೆ ನಾನು ಷಟರ್ ಎತ್ತುವ ಮೊದಲೇ ನಾಗೇಂದ್ರಣ್ಣ ಬಾಗಿಲಲ್ಲಿದ್ದರು. "ಎಂತ ಮಾಡಿದ್ರಿ ಮಾರಾಯ್ರೆ? ಬೀಗರು ಫೋನ್ ಮಾಡಿ ಕೇಳ್ತಾರೆ, ಇದೆಲ್ಲ ಯಾವಾಗಿಂದ ಅಂತ. ನನ್ನ ಫೋಟೋ ತೆಗೀರಿ ಮೊದ್ಲು."

"ತೆಗೀತೀನಿ. ಗೋಪಾಲಪ್ಪನವರದ್ದು ಇರ್ತದೆ, ನಿಮ್ಮದೊಂದು ಮಾತ್ರ ಅಲ್ವಾ?"

ಅವರು ಬೆಂಚಿನ ಮೇಲೆ ಕೂತರು. ಅದೇ ಹೊತ್ತಿಗೆ ಫೋನಿನಲ್ಲಿ ಗೋಪಾಲಪ್ಪನವರೂ ಬಂದು, ನಾಗೇಂದ್ರ ತೆಗೆಸಿದನಾ ಎಂದು ವಿಚಾರಿಸಿದರು. ಇನ್ನೂ ಇಲ್ಲ ಎಂದೆ. ಹಾಗಾದರೆ ನನ್ನದೂ ಇರಲಿ ಎಂದರು. ಮೊದಲು ಹಿಂದೆ ಸರಿದವನು ಯಾರು ಎಂದು ಊರು ಕೇಳುತ್ತದಲ್ಲ, ಆ ಭಯ ಇಬ್ಬರಿಗೂ ಬೀಗರ ಭಯಕ್ಕಿಂತ ದೊಡ್ಡದು. ಹೀಗೆ ಸಾಗರ ಪೇಟೆಯ ಗಣ್ಯರೆಲ್ಲ ದ್ವಿಲೈಂಗಿಕ ಯುವಜನರ ಬೆನ್ನಿಗೆ ನಿಂತರು.

ಫೋಟೋ ಇದ್ದವರು ಮುಂದಿನ ಸಾಲಿನಲ್ಲಿ ಕೂರಬೇಕಾದ್ದು ನಮ್ಮಲ್ಲಿ ರೂಢಿ. ಪ್ರದರ್ಶನದ ದಿನ ಅವರೆಲ್ಲ ಗರಿಗರಿ ಬಿಳಿ ಬಟ್ಟೆಯಲ್ಲಿ ಬಂದು, ಹಲ್ಲಿನ ಡಾಕ್ಟರ ಎದುರು ಕೂತವರ ಹಾಗೆ ಕುರ್ಚಿ ಹಿಡಿದು ಕೂತರು. ಸಿನಿಮಾ ಚೆನ್ನಾಗಿತ್ತು. ತೀರ್ಥಹಳ್ಳಿಯ ಒಬ್ಬ ಹುಡುಗ, ಮೊದಲು ಹುಡುಗನೊಬ್ಬನನ್ನು ಪ್ರೀತಿಸಿದ್ದ ತಾನು ಆಮೇಲೆ ಹುಡುಗಿಯನ್ನು ಪ್ರೀತಿಸಿದಾಗ ಗೆಳೆಯರು 'ಸರಿಹೋದ' ಎಂದು ಖುಷಿಪಟ್ಟದ್ದನ್ನು ಹೇಳಿ ನಕ್ಕ. ಆಮೇಲೆ ಪರದೆಯ ಮೇಲೆ ನಮ್ಮ ಸ್ಪಂದನಾ. "ಇಬ್ರೂ ಇಷ್ಟ ಆಗ್ಬಹುದು ಅಂದ್ರೆ, ಎಲೆ ಮೇಲೆ ಎರಡೂ ಪಾಯಸ ಬೇಕು ಅಂತ ಕೇಳ್ದೆ ಅನ್ಕೋತಾರೆ ಜನ. ನಂಗೆ ಇಡೀ ಊರಲ್ಲಿ ಒಬ್ರು ಸಿಕ್ರೆ ಸಾಕಾಗಿದೆ. ಅದಕ್ಕೂ ಮೊದ್ಲು ಅಮ್ಮ ಮಾತಾಡ್ಲಿ" ಎಂದಳು.  ದಿನಾ ಎದುರಿಗೇ ಕೂತು ಕೆಲಸ ಮಾಡುವ ಹುಡುಗಿಗೆ ಇಷ್ಟು ಸಂಕಟವಿತ್ತೇ ಎಂದುಕೊಂಡೆ.

ಮೈಕು ಕಂಡ ಮೇಲೆ ನಾಗೇಂದ್ರಣ್ಣ ಸುಮ್ಮನಿರಲಾರರು. ಎದ್ದು, ಯುವಶಕ್ತಿಯೇ ದೇಶದ ಆಸ್ತಿ ಎಂದು ಕಬಡ್ಡಿಗೆ ಮಾಡುವ ಭಾಷಣವನ್ನೇ ಮಾಡಿದರು, ಏನೂ ಹೆಚ್ಚುಕಡಿಮೆಯಾಗಲಿಲ್ಲ. ಗೋಪಾಲಪ್ಪನವರಿಗೆ ಮಾತ್ರ ನಿಜವಾಗಿಯೂ ಒಂದು ಸಂಶಯ. "ಅಲ್ಲಮ್ಮ, ಇಬ್ರೂ ಆಗ್ತದೆ ಅಂದ್ಮೇಲೆ ಒಂದು ಒಳ್ಳೆ ಗಂಡು ನೋಡಿ ಮದುವೆ ಮಾಡಿದ್ರಾಯ್ತು. ಎಂತ ತೊಂದ್ರೆ?" ಎಂದು ಬೇಲಿ ಜಗಳ ಬಗೆಹರಿಸಿದ ಸಮಾಧಾನದಲ್ಲಿ ಕೂತರು.

"ಸರ್, ನೀವು ಎರಡೂ ಪಾರ್ಟೀಲಿ ಇದ್ದು ಬಂದವ್ರು. ಮುಂದಿನ ಸಲ ಯಾವುದ್ರಲ್ಲಿ ನಿಲ್ಬೇಕು ಅಂತ ನಾನು ಹೇಳಿದ್ರೆ ಕೇಳ್ತೀರಾ?" ಎಂದಳು ಸ್ಪಂದನಾ. ಇಡೀ ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನಾಗೇಂದ್ರಣ್ಣ.

ಆ ನಗುವಿನ ನಡುವೆಯೇ ಹಿಂದಿನ ಸಾಲಿನಿಂದ ಕಾಟನ್ ಸೀರೆಯ ಹೆಂಗಸೊಬ್ಬರು ಎದ್ದು ಮುಂದೆ ಬಂದರು. ಸ್ಪಂದನಾಳ ಮುಖ ನೋಡಿದ ಕೂಡಲೇ ಇವರೇ ಟೀಚರ್ ಎಂದು ಗೊತ್ತಾಯಿತು. ಮಗಳ ಎದುರು ನಿಂತು, "ಬೇಗ ಎಲ್ಲ ಎತ್ತಿಡು. ಬಸ್ಸಿಗೆ ಹೊತ್ತಾಗ್ತದೆ" ಎಂದರು. ಅಷ್ಟೇ. ಸ್ಪಂದನಾ "ಹೂಂ ಅಮ್ಮ" ಎಂದು ವೈರು ಸುತ್ತಲು ಹೋದಳು, ಕಣ್ಣು ತುಂಬಿದ್ದರಿಂದ ವೈರು ಸಿಗಲಿಲ್ಲ.

ನನಗೋ ಸಂತೋಷ ತಡೆಯಲಾಗಲಿಲ್ಲ. ಟೀಚರ್ ಹತ್ತಿರ ಹೋಗಿ, ಫ್ಲೆಕ್ಸ್ ನಮ್ಮಲ್ಲೇ ಆದದ್ದು, ದೊಡ್ಡವರೆಲ್ಲ ಹೇಗೆ ಸಹಕರಿಸಿದರು ನೋಡಿ ಎಂದೆ.

"ನೋಡ್ದೆ. ಹೊಸನಗರ ಬಸ್ ಸ್ಟ್ಯಾಂಡಲ್ಲಿ ನಿಂತು ಒಂದೊಂದೇ ಮುಖ ನೋಡ್ದೆ. ಇವ್ರಿಗೆಲ್ಲ ವಿಷಯ ಗೊತ್ತಿಲ್ಲ ಅಂತ ನಂಗೂ ಅಂದಾಜಾಯ್ತು. ಆದ್ರೂ ಇಷ್ಟು ಜನ ಇದಾರಲ್ಲ ಅಂತ ಒಂಚೂರು ಧೈರ್ಯ ಬಂತು" ಎಂದರು. ಆಮೇಲೆ ನನ್ನನ್ನೇ ನೋಡುತ್ತ, "ಗೊತ್ತಿದ್ದವ್ರು ನೀವೊಬ್ರೇ ಅಲ್ವಾ? ಕೆಳಗಿನ ಹೆಸರು ಓದಿ ನಿಮ್ಮ ಫೋಟೋನೂ ಹುಡುಕಿದೆ. ಮೂಲೇಲಿ ಅಂಗಡಿ ಹೆಸರು ಇರ್ತದಲ್ಲ, ಅದೂ ಕಾಣ್ಲಿಲ್ಲ" ಎಂದರು.

ಆ ಹೆಸರನ್ನು, ಪ್ರಿಂಟಿಗೆ ಹಾಕುವ ಹಿಂದಿನ ಸಂಜೆ ಸ್ಪಂದನಾ ಬಸ್ಸಿಗೆ ಹೊರಟ ಮೇಲೆ, ನಾನೇ ಕೂತು ಡಿಸೈನಿನಿಂದ ಅಳಿಸಿದ್ದೆ.

"ಜಾಗ ಸಾಲ್ಲಿಲ್ಲ ಟೀಚರ್" ಎಂದೆ.

ಹೋಂವರ್ಕ್ ಮನೆಯಲ್ಲೇ ಮರೆತೆ ಎನ್ನುವ ಹುಡುಗರನ್ನು ಬೇಕಾದಷ್ಟು ನೋಡಿದವರು ಅವರು. "ಹೌದಾ" ಎಂದು, ಮಗಳ ಬ್ಯಾಗನ್ನು ತಾವೇ ಹೆಗಲಿಗೇರಿಸಿಕೊಂಡು ಹೊರಟರು.