ಸೇವೆಯಲ್ಲಿರುವ ಬಲಗಣ್ಣು

ನೌಕರನು ಸತ್ತ ಮಾತ್ರಕ್ಕೆ ಅವನ ಕಣ್ಣು ನಿವೃತ್ತಿ ಹೊಂದುವುದಿಲ್ಲ. ನೇತ್ರದಾನ ಕಚೇರಿಯಿಂದ ದರ್ಜಿಗೆ ಬಂದ ಪತ್ರದ ಮೊದಲ ಸಾಲೇ ಇದು.

ದರ್ಜಿಗೆ ಆರು ವರ್ಷದಿಂದ ಎರಡೂ ಕಣ್ಣು ಮಂಜು. ಹೆಂಡತಿ ಪೋಣಿಸಿಕೊಟ್ಟ ಸೂಜಿಯಲ್ಲಿ ತಡವರಿಸುತ್ತ ಗುಂಡಿ ಹೊಲಿಯುತ್ತಿದ್ದ. ಹೋದ ತಿಂಗಳು ಬಲಗಣ್ಣಿಗೆ ದಾನಿಯೊಬ್ಬರ ಕಾರ್ನಿಯಾ ಕೂರಿಸಿದರು. ಪಟ್ಟಿ ಬಿಚ್ಚಿದ ದಿನ ಹೆಂಡತಿಯ ಮುಖ ನೋಡಿ, "ಅಯ್ಯೋ, ನಿನ್ನ ಕೂದಲೆಲ್ಲ ಬೆಳ್ಳಗಾಗಿದೆಯಲ್ಲೇ!" ಎಂದು ಅತ್ತುಬಿಟ್ಟ. "ಕಣ್ಣು ಬಂದದ್ದೇ ತಡ, ಕೊರತೆ ಹುಡುಕೋಕೆ ಶುರು ಮಾಡಿದ್ರಿ," ಎಂದು ಅವಳೂ ಅತ್ತಳು.

ಪತ್ರದ ಪ್ರಕಾರ ದಾನಿಯು ಅದೇ ಕಚೇರಿಯ ಕಡತ ಪರಿಶೀಲಕರು. ಅವರ ಕೈ, ಕಾಲು, ನಾಲಿಗೆಗಳನ್ನು ಮರಣದ ದಿನವೇ ಸೇವೆಯಿಂದ ಬಿಡುಗಡೆ ಮಾಡಲಾಗಿತ್ತು. ಕಣ್ಣಿಗೆ ಮಾತ್ರ ಇನ್ನೂ ಎರಡು ವರ್ಷ ಸೇವೆಯಿದ್ದು, ಅದು ಕೂಡಲೇ ಹಾಜರಾಗತಕ್ಕದ್ದು.

ಕಣ್ಣು ಕೊಟ್ಟ ಪುಣ್ಯಾತ್ಮರ ಋಣ ಎಂದುಕೊಂಡು ದರ್ಜಿ ಹೋದ.

"ನೀವು ಹೊರಗೆ ಕೂತ್ಕೊಳ್ಳಿ," ಎಂದರು ವ್ಯವಸ್ಥಾಪಕರು. "ಕಣ್ಣನ್ನ ಒಳಗೆ ಕಳಿಸಿ."

"ಅದು ನನ್ನ ಬಿಟ್ಟು ಬರಲ್ಲ ಸಾರ್."

ಕೊನೆಗೆ ದರ್ಜಿಯನ್ನು ಕಣ್ಣಿನ ವಾಹನವೆಂದು ಪರಿಗಣಿಸಿ ಒಳಬಿಟ್ಟರು. ಎಡಗಣ್ಣು ಖಾಸಗಿಯಾದ್ದರಿಂದ, ಗೋಪ್ಯತೆ ಕಾಪಾಡಲು ಅದಕ್ಕೆ ಬಟ್ಟೆ ಕಟ್ಟಿದರು.

"ಅದಕ್ಕೆ ಹೇಗೂ ಕಾಣಲ್ಲ ಸಾರ್."

"ಹಾಗಾದ್ರೆ ಕಟ್ಟಿಸ್ಕೊಳ್ಳೋಕೆ ಏನ್ರೀ ಕಷ್ಟ?"

ಕಣ್ಣಿಗಾಗಿ ಕಾದವರ ಅರ್ಜಿ ಓದಿ, "ನೋಡಲಾಗಿದೆ" ಎಂದು ಮುದ್ರೆ ಒತ್ತುವುದು ಕೆಲಸ. ಪರಿಶೀಲಕರು ತೀರಿಕೊಂಡಂದಿನಿಂದ, ನೋಡುವ ಕಣ್ಣಿಲ್ಲದೆ ನೂರ ಹನ್ನೆರಡು ಅರ್ಜಿಗಳು ಬಿದ್ದಿದ್ದವು. ಒಬ್ಬ ಗಡಿಯಾರ ರಿಪೇರಿಯವನು. ಮಗು ಹೆತ್ತು ಇನ್ನೂ ಅದರ ಮುಖ ನೋಡದ ಒಬ್ಬ ತಾಯಿ. ದರ್ಜಿ ಊಟ ಮರೆತು ಓದಿದ; ನಾಲ್ಕು ದಿನದಲ್ಲಿ ನೂರ ಹನ್ನೊಂದನ್ನು ದಾಟಿಸಿದ. ಕೊನೆಯದು ಅವನ ಎಡಗಣ್ಣಿನದೇ ಅರ್ಜಿ. ಮುದ್ರೆ ಎತ್ತುವಷ್ಟರಲ್ಲಿ ವ್ಯವಸ್ಥಾಪಕರು ಕೈ ಹಿಡಿದರು.

"ನೌಕರರು ಹತ್ತಿರದ ಸಂಬಂಧಿಕರ ಕಡತ ಮುಟ್ಟೋ ಹಾಗಿಲ್ಲ."

"ಯಾರಿಗೆ ಯಾರು ಸಂಬಂಧಿಕರು ಸಾರ್?"

"ಬಲಗಣ್ಣಿಗೆ ಎಡಗಣ್ಣು. ನಡುವೆ ಇರೋದು ಒಂದು ಮೂಗು ತಾನೇ?"

ದರ್ಜಿ ಅನ್ನ ಬಿಟ್ಟು ಮಲಗಿದ. ಮರುದಿನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ತಾನೇ ಕಚೇರಿಗೆ ಬಂದಳು. "ಎಂಥ ಸಂಬಂಧ ಸ್ವಾಮಿ? ಹುಟ್ಟಿದಾಗಿಂದ ಇವರ ಎರಡೂ ಕಣ್ಣು ಒಂದರ ಮುಖ ಒಂದು ನೋಡಿಲ್ಲ!"

ವ್ಯವಸ್ಥಾಪಕರು ತಮ್ಮ ಕಣ್ಣುಗಳನ್ನು ಮೂಗಿನತ್ತ ಹೊರಳಿಸಿ ಬಹಳ ಹೊತ್ತು ಪರೀಕ್ಷಿಸಿಕೊಂಡರು. "ನಿಜ," ಎಂದರು. "ಬರೆದು ಕೊಡಿ."

ಬರೆದು ಕೊಟ್ಟರು, ಕಡತ ದಾಟಿತು, ಸರದಿ ಬಂದಾಗ ಎಡಗಣ್ಣಿಗೂ ಬೆಳಕು ಬಂತು. ಆದರೆ ಸ್ಥಳ ಪರಿಶೀಲನೆಗೆ ಬಂದ ಅಧಿಕಾರಿಗಳು, ಅಂಗಡಿಯ ನಿಲುಗನ್ನಡಿಯಲ್ಲಿ ಕಣ್ಣುಗಳೆರಡೂ ಪರಸ್ಪರ ಭೇಟಿಯಾಗುವ ಸಂಭವವಿದೆಯೆಂದು ಕಂಡುಕೊಂಡು, ಅದನ್ನು ಗೋಡೆಗೆ ತಿರುಗಿಸಿ ಸೀಲು ಹಾಕಿದರು.

ಗಿರಾಕಿಗಳು ಮೊದಮೊದಲು ಗೊಣಗಿದರು. ಈಗ ಹೊಸ ಅಂಗಿ ತೊಟ್ಟು ಕನ್ನಡಿಯ ಬೆನ್ನಿನ ಹಲಗೆಯ ಮುಂದೆ ನಿಲ್ಲುತ್ತಾರೆ, ಕಾಲರು ಸರಿಮಾಡಿಕೊಳ್ಳುತ್ತಾರೆ, "ಪರವಾಗಿಲ್ಲ, ಒಪ್ಪುತ್ತೆ," ಎಂದು ಹೊರಡುತ್ತಾರೆ.