ಭಾವನ ಕ್ಯಾಮೆರಾ ಮತ್ತು ಒಂದು ಸೆಕೆಂಡು

ನಮ್ಮ ಭಾವ ರಿಪೇರಿ ಮಾಡಿದ ಯಾವ ಯಂತ್ರವೂ ಎರಡನೇ ಸಲ ಕೆಟ್ಟಿದ್ದಿಲ್ಲ. ಎರಡನೇ ಸಲ ಕೆಡಬೇಕಾದರೆ ನಡುವೆ ಒಂದು ಸಲವಾದರೂ ಸರಿಯಾಗಿರಬೇಕಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ತುರುವೇಕೆರೆಯ ಹತ್ತಿರದ ಹಳ್ಳಿಯಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದವರು. ಎಪ್ಪತ್ತರ ದಶಕದ ಕೊನೆಗೆ ನನಗೆ ಅದೇ ಊರಿನ ಶಾಲೆಗೆ ವರ್ಗವಾಯಿತು. ಬೇರೆ ಮನೆ ಯಾಕೆಂದು ಅಕ್ಕನ ಮನೆಯಲ್ಲೇ ಬಿಡಾರ ಹೂಡಿದೆ. ಭಾವ ಯಂತ್ರ ಬಿಚ್ಚುವಾಗ ಎದುರಿಗೆ ಕೂತು ಹೂಂಗುಡುವುದು ನನ್ನ ಪಾಲಿನ ಮನೆಗೆಲಸ. ರೇಡಿಯೋ ಬಿಚ್ಚಿ ಜೋಡಿಸಿದರು, ಎರಡು ಸ್ಕ್ರೂ ಉಳಿದವು. "ಫ್ಯಾಕ್ಟ್ರಿಯೋರು ಯಾವಾಗ್ಲೂ ಒಂದೆರಡು ಜಾಸ್ತಿನೇ ಹಾಕಿರ್ತಾರೆ ಕಣಪ್ಪ" ಎಂದು ಅವನ್ನು ಉಪ್ಪಿನಕಾಯಿ ಬಾಟಲಿಗೆ ಹಾಕಿಟ್ಟರು. ಆಮೇಲೆ ಆ ರೇಡಿಯೋ ಕೊಟ್ಟಿಗೆಯ ಗೋದಲಿಯಲ್ಲಿಟ್ಟರೆ ಮಾತ್ರ ಮಾತಾಡುತ್ತಿತ್ತು. ವಾರ್ತೆ ಕೇಳಬೇಕಾದರೆ ನಾವು ಎಮ್ಮೆಯ ಪಕ್ಕ ಕೂರಬೇಕಿತ್ತು. ಪಾಪ, ಎಮ್ಮೆ ಬೇಡವೆನ್ನಲಿಲ್ಲ.

ಭಾವನ ಪರೀಕ್ಷೆಯ ಕ್ರಮವೂ ವಿಚಿತ್ರ. ನಮ್ಮ ಕಡೆ ಅಟ್ಟದ ಮೇಲೆ ವರ್ಷಗಟ್ಟಲೆ ಕೂಡಿಟ್ಟ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಲೊಟಲೊಟ ಎಂದರೆ ನೀರು ಇಂಗಿ, ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆ ಎಂದರ್ಥ. ಭಾವ ಗಡಿಯಾರ, ಟಾರ್ಚು, ಕೊನೆಗೆ ನನ್ನ ಪೆನ್ನನ್ನೂ ಹೀಗೇ ಕಿವಿಗೆ ಹಿಡಿದು ಅಲ್ಲಾಡಿಸಿ ಕಾಯಿಲೆ ಹೇಳುತ್ತಿದ್ದರು. ನನ್ನ ತಲೆಯನ್ನು ಮಾತ್ರ ಬಿಟ್ಟಿದ್ದರು, ಅದು ಅಕ್ಕನ ಪುಣ್ಯ!

ಇಂಥವರ ಕೈಗೆ ಒಂದು ಹಳೇ ಕ್ಯಾಮೆರಾ ಸಿಕ್ಕಿತು. ಊರು ಬಿಟ್ಟು ಹೊರಟಿದ್ದ ಓವರ್‌ಸಿಯರೊಬ್ಬರು ಒಂದು ಚೀಲ ಕೊಬ್ಬರಿ ಇಸಿದುಕೊಂಡು ಕೊಟ್ಟುಹೋದದ್ದು. ಮುಚ್ಚಳ ತೆರೆದರೆ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾಗಿ ಮುಂದಕ್ಕೆ ಚಾಚುವ ಜರ್ಮನ್ ಕ್ಯಾಮೆರಾ. ಭಾವ ಅದನ್ನು ಶೋಕಿಗೆ ತಂದದ್ದಲ್ಲ. ಅವರ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ನಡುಮನೆಯಲ್ಲಿ ಮಲಗಿದ್ದರು. ಮತ್ತೆ ಏಳುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು. ಭಾವನ ಅಪ್ಪ ತೀರಿಕೊಂಡಾಗ ಭಾವನಿಗೆ ಎರಡು ವರ್ಷ. ಅವರದೊಂದು ಫೋಟೋ ಇಲ್ಲ. "ನಿಮ್ಮಪ್ಪನ ಮೊಕ ಈಗೀಗ ನಂಗೇ ಮರ್ತೋಯ್ತೈತೆ ಕಣ್ಲಾ" ಎಂದು ಅವ್ವ ಒಂದು ಸಲ ಅಂದುಬಿಟ್ಟಿದ್ದರು. ಅಂದಿನಿಂದ ಅವ್ವನದೊಂದು ಫೋಟೋ ಆಗಲೇಬೇಕೆಂದು ಭಾವನಿಗೆ ಹಟ ಹಿಡಿದಿತ್ತು.

ಮೊದಲು ತಿಪಟೂರಿನಿಂದ ಸ್ಟುಡಿಯೋದವರನ್ನೇ ಕರೆಸಿದ್ದುಂಟು. ಫಳ್ ಎಂದು ಫ್ಲ್ಯಾಶ್ ಹೊಡೆಯುವುದಕ್ಕೂ ಅವ್ವ "ಅಯ್ಯಪ್ಪಾ, ಸಿಡ್ಲು!" ಎಂದು ಸೆರಗು ಎಳೆದುಕೊಳ್ಳುವುದಕ್ಕೂ ಸರಿಹೋಯಿತು. ಬಂದದ್ದು ಸೆರಗಿನ ಫೋಟೋ. ನೂಲು ನೂಲೂ ಎಣಿಸಬಹುದು, ಅಷ್ಟು ಚೆನ್ನಾಗಿ ಬಂದಿತ್ತು!

ಆದ್ದರಿಂದ ಫ್ಲ್ಯಾಶ್ ಬೇಡ, ನಡುಮನೆಯ ಬೆಳಕಿಂಡಿಯಿಂದ ಬೆಳಿಗ್ಗೆ ಗಳಿಗೆ ಹೊತ್ತು ಬೀಳುವ ಬಿಸಿಲೇ ಸಾಕು ಎಂದು ಭಾವ ತೀರ್ಮಾನಿಸಿದರು. ಅಷ್ಟು ಮಂದ ಬೆಳಕಿಗೆ ಕ್ಯಾಮೆರಾದ ಕಣ್ಣು ಒಂದು ಸೆಕೆಂಡು ಪೂರ್ತಿ ತೆರೆದಿರಬೇಕಂತೆ. ಅದಕ್ಕೊಂದು ಬಿಲ್ಲೆ, ಅದರ ಮೇಲೆ ಒಂದು, ಎರಡು, ಐದು, ಹತ್ತು ಎಂದು ನೂರರವರೆಗೆ ಅಂಕಿ. ಒಂದು ಎಂದರೆ ಒಂದು ಸೆಕೆಂಡು. ಎರಡು ಎಂದರೆ ಎರಡು ಸೆಕೆಂಡಲ್ಲ, ಅರ್ಧ! ನೂರು ಎಂದರೆ ಕಣ್ಣು ಮಿಟುಕಿಸುವಷ್ಟೂ ಇಲ್ಲ.

"ಒಂದು ದೊಡ್ದು, ನೂರು ಚಿಕ್ದಾ? ಏನಪ್ಪಾ ಮೇಷ್ಟ್ರೇ, ಮಕ್ಳಿಗೂ ಹಿಂಗೇ ಹೇಳ್ಕೊಡ್ತೀಯಾ?" ಎಂದು ಅಕ್ಕ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ನಾನೇನು ಆ ಬಿಲ್ಲೆ ಮಾಡಿದವನೇ?

ತೊಂದರೆ ಇದ್ದದ್ದು ಆ ಒಂದರಲ್ಲೇ. ನೂರಕ್ಕಿಟ್ಟರೆ ಚಕ್ಕನೆ ತೆರೆದು ಮುಚ್ಚುತ್ತಿತ್ತು. ಒಂದಕ್ಕಿಟ್ಟರೆ ತೆರೆದದ್ದು ತೆರೆದೇ ಇರುತ್ತಿತ್ತು. ಭಾವ ಯಥಾಪ್ರಕಾರ ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ಲೊಟಲೊಟ!

"ಒಣಗೋಗೈತೆ ಕಣಪ್ಪ. ಎಣ್ಣೆ ಬೇಕು."

ಬಿಳಿ ಪಂಚೆ ಹಾಸಿ, ಕ್ಯಾಮೆರಾದ ಮೂತಿ ಬಿಚ್ಚಿದರು. ಒಳಗೆ ಕೈಗಡಿಯಾರದಲ್ಲಿರುವಂಥ ಪುಟಾಣಿ ಹಲ್ಲುಚಕ್ರಗಳ ಸಾಲು. ಅವು ಒಂದನ್ನೊಂದು ತಡವರಿಸುತ್ತ ಸುತ್ತಿ ಮುಗಿದ ಮೇಲೆಯೇ ಕಣ್ಣು ಮುಚ್ಚುವುದು. ಭಾವ ಕೋಳಿಪುಕ್ಕದ ತುದಿ ಅದ್ದಿ ಚಕ್ರಗಳಿಗೆಲ್ಲ ಎಣ್ಣೆ ಸವರಿದರು. ನಮ್ಮೂರಲ್ಲಿ ಎಣ್ಣೆ ಎಂದರೆ ಯಾವ ಎಣ್ಣೆ ಎಂದು ಯಾರಾದರೂ ಕೇಳುತ್ತಾರೆಯೇ? ಜೋಡಿಸಿದ ಮೇಲೆ ಒಂದೇ ಒಂದು ಸ್ಕ್ರೂ ಉಳಿಯಿತು. ಗುಂಡಿ ಒತ್ತಿದರೆ ಜಿರ್ರ್... ಟಕ್! ಸರಿಯಾಗಿ ಒಂದು ಸೆಕೆಂಡು. ಭಾವ ನನ್ನನ್ನು ಅಪ್ಪಿಕೊಂಡುಬಿಟ್ಟರು.

ಅದು ಕಾರ್ತೀಕ ಮಾಸದ ಒಂದು ಮಧ್ಯಾಹ್ನ. ಮಾರನೆಯ ಬೆಳಿಗ್ಗೆ ಅವ್ವನ ತಲೆ ಬಾಚಿ, ದಿಂಬು ಒರಗಿಸಿ ಕೂರಿಸಿ, ಮೊದಲು ಫಿಲಂ ಹಾಕದೆ ಪರೀಕ್ಷೆಗೆಂದು ಒತ್ತಿದರೆ ಜಿ... ಎಂದು ನಿಂತುಹೋಯಿತು. ಮಧ್ಯಾಹ್ನ ಒತ್ತಿದರೆ ಸರಿಯಾಗಿದೆ! ಮತ್ತೆ ಬೆಳಿಗ್ಗೆ ಇಲ್ಲ. ನನಗಂತೂ ತಲೆಬುಡ ತಿಳಿಯಲಿಲ್ಲ. ಬೆಳಿಗ್ಗೆ ಬೆಳಕಿದ್ದಾಗ ಕ್ಯಾಮೆರಾ ಇಲ್ಲ, ಕ್ಯಾಮೆರಾ ಇದ್ದಾಗ ಬೆಳಕಿಲ್ಲ. ಕ್ಯಾಮೆರಾಕ್ಕೂ ಸೋಮಾರಿತನ ಉಂಟೇ?

ಇಬ್ಬರೂ ಬಸ್ಸು ಹತ್ತಿ, ಕಿಬ್ಬನಹಳ್ಳಿಯಲ್ಲಿ ಇಳಿದು ಹತ್ತಿ, ತಿಪಟೂರಿನ ವಾಚು ರಿಪೇರಿ ಸಾಬರ ಅಂಗಡಿಗೆ ಹೋಗುವ ಹೊತ್ತಿಗೆ ನೆತ್ತಿಯ ಮೇಲೆ ಸೂರ್ಯ. ಸಾಬರು ಒತ್ತಿ ನೋಡಿದರು. ಜಿರ್ರ್... ಟಕ್! "ಚೆನ್ನಾಗೇ ಐತಲ್ಲ ಯಜಮಾನ್ರೇ?" ಎಂದರು. ಎರಡನೇ ಸಲ ಹೋದಾಗಲೂ ಹಾಗೆಯೇ. ಮೂರನೇ ಸಲ ಕಣ್ಣಿಗೆ ಹಾಕಿದ್ದ ಭೂತಗಾಜು ತೆಗೆದು ನಮ್ಮಿಬ್ಬರನ್ನೂ ಮರುಕದಿಂದ ನೋಡಿ, "ಮಿಷನ್ನು ಬರೋಬ್ಬರಿ ಐತೆ. ನೀವಿಬ್ರೂ ಆರಾಮಿದೀರಾ?" ಎಂದು ಚಹಾ ತರಿಸಿದರು.

ಬಸ್ಸಿನ ಕುಲುಕಾಟಕ್ಕೇ ಅದು ಸರಿಹೋಗುತ್ತಿದೆ ಎಂದು ಭಾವನಿಗೆ ಹೊಳೆಯಿತು. ಅಂದಿನಿಂದ ದಿನಾ ಮುಂಜಾನೆ ಕ್ಯಾಮೆರಾವನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು, ಚಳಿಯಲ್ಲಿ ಮಫ್ಲರು ಸುತ್ತಿ ಕೆರೆ ಏರಿಯ ಮೇಲೆ ನಾಲ್ಕು ಸುತ್ತು ಹೊಡೆಯತೊಡಗಿದರು. "ಯಾವ ಡಾಕ್ಟ್ರು ಹೇಳಿದ್ದು?" ಎಂದು ಊರವರು ಕೇಳಿದರೆ, "ನಂಗಲ್ಲ, ಇದ್ಕೆ" ಎಂದು ಹಿಂದೆ ಕೈ ತೋರಿಸುತ್ತಿದ್ದರು. ಕ್ಯಾಮೆರಾ ಇನ್ನಷ್ಟು ಮೊಂಡಾಯಿತು.

ಹೀಗೆ ಧನುರ್ಮಾಸ ಬಂತು. ಅವ್ವ ಊಟ ಬಿಟ್ಟಿದ್ದರು. ಒಂದು ಬೆಳಿಗ್ಗೆ ಅವರೇ ಕರೆದು, "ಇವತ್ತು ಮೈ ಅಗುರಾಗೈತೆ ಕಣ್ಲಾ ಮಗ. ತೆಗೆಯಂಗಿದ್ರೆ ಇವತ್ತೇ ತೆಗ್ದುಬುಡು" ಎಂದರು. ಭಾವ ನನ್ನ ಮುಖ ನೋಡಿದರು. ನಾನು ಕ್ಯಾಮೆರಾದ ಮುಖ ನೋಡಿದೆ. ಮಧ್ಯಾಹ್ನದವರೆಗೆ ಕಾಯುವಂತಿರಲಿಲ್ಲ.

ಭಾವ ಫಿಲಂ ಹಾಕಿ ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟರು. ಅವ್ವ ದಿಂಬಿಗೆ ಒರಗಿ ಕೂತರು.

"ಅವ್ವಾ, ಜಿರ್ರ್ ಅಂತ ಸದ್ದಾಯ್ತದೆ. ಅದು ನಿಲ್ಲೋಗಂಟ ಅಲ್ಲಾಡ್ಬ್ಯಾಡ."

ಒತ್ತಿದರು. ಜಿ... ಜಿ... ಒಂದು ಸೆಕೆಂಡಾಯಿತು, ಮೂರಾಯಿತು, ಐದಾಯಿತು. ಟಕ್ ಎನ್ನುವ ಲಕ್ಷಣವೇ ಇಲ್ಲ. ಅವ್ವ ಮಾತ್ರ ಮಗ ಹೇಳಿದಂತೆ ಕಣ್ಣನ್ನೂ ಮಿಟುಕಿಸದೆ ಕೂತಿದ್ದಾರೆ! ಆ ಬಿಗಿಗೆ ಅವರ ಭುಜ ಸಣ್ಣಗೆ ನಡುಗತೊಡಗಿತು. ಭಾವನಿಗೆ ಕ್ಯಾಮೆರಾ ಮರೆತೇಹೋಯಿತು. ನೇರ ಅದರ ಮುಂದೆಯೇ ಹಾದುಹೋಗಿ, ಅವ್ವನ ಪಕ್ಕ ನಿಂತು ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಷ್ಟು ಹೊತ್ತೋ ಕಾಣೆ, ಆಮೇಲೆ ಟಕ್ ಎಂದಿತು.

"ನಿಲ್ತೇನ್ಲಾ? ಈಗ ಅಲ್ಲಾಡ್ಬೌದಾ?" ಎಂದರು ಅವ್ವ.

ಅಷ್ಟರಲ್ಲಿ ಅಕ್ಕ ಅಂಗಳದಿಂದ ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ಹಿಡಿದು ಬಂದಳು. ಚಳಿಗೆ ಹೆಪ್ಪುಗಟ್ಟಿ ಬಿಳುಚಿಕೊಂಡಿದ್ದ ಎಣ್ಣೆಯನ್ನು ದಿನದಂತೆ ಬಿಸಿಲಿಗೆ ಇಟ್ಟಿದ್ದಳು. "ರೀ, ಇನ್ನೂ ಕರಗೇ ಇಲ್ಲ ನೋಡ್ರೀ, ಏನು ಚಳಿ! ಅಲ್ಲಾ, ಆ ಕ್ಯಾಮೆರಾಕ್ಕೂ ಇದ್ನೇ ಅಲ್ವಾ ನೀವು ಹಾಕಿದ್ದು?"

ನಾನು ಭಾವನನ್ನು ನೋಡಿದೆ. ಭಾವ ಬಾಟಲಿಯನ್ನು ನೋಡಿದರು. ಹುಟ್ಟಿದಾಗಿನಿಂದ ತೆಂಗಿನ ಕೆಳಗೇ ಬೆಳೆದ ಇಬ್ಬರು ಗಂಡಸರು ಆ ಹೊತ್ತು ಎಲ್ಲಿ ಮುಖ ಇಟ್ಟುಕೊಳ್ಳಬೇಕು, ಹೇಳಿ!

ಫಿಲಂ ಹಾಳಾಯಿತೆಂದು ಭಾವ ಅದನ್ನು ತೊಳೆಸಲೇ ಇಲ್ಲ. ಕ್ಯಾಮೆರಾವನ್ನು ಸಾಬರು ಪೆಟ್ರೋಲಿನಲ್ಲಿ ತೊಳೆದು ಕೊಡುವ ಮೊದಲೇ ಅವ್ವ ಹೋಗಿಬಿಟ್ಟರು. ತಿಥಿ ಕಳೆದ ಮೇಲೆ ನಾನೇ ಸುಮ್ಮನಿರಲಾರದೆ ಫಿಲಂ ಒಯ್ದು ಸ್ಟುಡಿಯೋಕ್ಕೆ ಕೊಟ್ಟೆ. ಫೋಟೋ ತರಲು ಭಾವನೂ ಜೊತೆಗೆ ಬಂದರು.

ಅವ್ವ ಸ್ಪಷ್ಟವಾಗಿ ಬಂದಿದ್ದರು. ಹಣೆಯ ಗೆರೆಗಳು, ಮೂಗುತಿ, ಮಗನ ಮಾತು ಮೀರಬಾರದೆಂದು ಬಿಗಿಹಿಡಿದ ತುಟಿ, ಎಲ್ಲವೂ. ಪಕ್ಕದಲ್ಲಿ ಅಲ್ಲಾಡಿ ಹೊಗೆಯಂತಾದ ಒಂದು ಬಿಳಿ ಅಂಗಿ, ಅದಕ್ಕೆ ಮುಖವಿಲ್ಲ. ಆದರೆ ಅವ್ವನ ಭುಜದ ಮೇಲೆ ಒಂದು ಕೈ, ಐದೂ ಬೆರಳು ಎಣಿಸುವಂತೆ.

"ಕೈಯೊಂದು ಅಡ್ಡ ಬಂದ್ಬಿಟ್ಟಿದೆ ಸಾರ್" ಎಂದು ಸ್ಟುಡಿಯೋದವರು ಸಂಕೋಚದಿಂದ ಹೇಳಿದರು. "ಬಣ್ಣ ಹಚ್ಚಿ ಮರೆಮಾಡಿ ಕೊಡ್ತೀನಿ. ಗೊತ್ತೇ ಆಗಲ್ಲ."

ಭಾವ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟು ವರ್ಷದಲ್ಲಿ ನಾನು ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

"ಬ್ಯಾಡ ಬುಡಿ ಸ್ವಾಮಿ" ಎಂದರು. "ಆ ಕೈ ಅಲ್ಲೇ ಇರ್ಲಿ."