ಸೀರೆಗೆ ಹೋಗಿ ಟಗರು ತಂದದ್ದು

ಒಬ್ಬ ಮನುಷ್ಯ ಯಾರನ್ನೂ ಕೇಳದೆ, ಒಬ್ಬನೇ, ಪರದೇಶಕ್ಕೆ ಹೋಗುವುದು ಎಷ್ಟು ಸುಲಭ ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ವಾಪಸ್ ಬರುವುದು ಹೇಗೆ ಎಂಬುದಷ್ಟೇ. ಪರದೇಶ ಎಂದರೆ ಆಂಧ್ರ. ನಗಬೇಡಿ. ಚಳ್ಳಕೆರೆಯಲ್ಲಿ ಹುಟ್ಟಿ, ಚಳ್ಳಕೆರೆಯಲ್ಲೇ ಓದಿ, ಚಳ್ಳಕೆರೆಯಲ್ಲೇ ನೋಟ್‌ಬುಕ್ಕು ಪೆನ್ನಿನ ಅಂಗಡಿ ಇಟ್ಟು, ಕೊನೆಗೆ ಎರಡು ಬೀದಿ ಆಚೆಗಿನ ಹುಡುಗಿಯನ್ನೇ ಮದುವೆಯಾದವನಿಗೆ ರಾಜ್ಯದ ಗಡಿ ದಾಟುವುದೂ ಒಂದೇ, ಸಮುದ್ರ ದಾಟುವುದೂ ಒಂದೇ.

ಇದು ತೊಂಬತ್ತರ ದಶಕದ ಮಾತು. ನನಗೆ ಮದುವೆಯಾಗಿ ಐದು ತಿಂಗಳಾಗಿತ್ತು. ಹೆಂಡತಿ ಗಿರಿಜಾಳ ತಂಗಿ ಉಮಾಳಿಗೆ ಗಂಡು ಗೊತ್ತಾಗಿ, ಅವತ್ತು ಸಂಜೆ ಐದಕ್ಕೆ ಮಾವನ ಮನೆಯಲ್ಲಿ ನಿಶ್ಚಿತಾರ್ಥ ಇಟ್ಟುಕೊಂಡಿದ್ದರು. ಹುಡುಗಿ ಉಡಬೇಕಾದ ರೇಷ್ಮೆ ಸೀರೆ ಮಾತ್ರ ಇನ್ನೂ ಮೊಳಕಾಲ್ಮೂರಿನ ನೇಕಾರ ತಿಪ್ಪೇಸ್ವಾಮಿಯ ಮಗ್ಗದ ಮೇಲಿತ್ತು. ಅದನ್ನು ತರಲು ಯಾರನ್ನು ಕಳಿಸುವುದೆಂದು ಮಾವ ಬೆಳಿಗ್ಗೆ ಯೋಚಿಸುತ್ತ ಕೂತಿದ್ದಾಗ ನಾನು ಎದ್ದು ನಿಂತೆ.

“ನಿಮ್ಮ ಸ್ಕೂಟರ್ ಕೊಡ್ರಿ ಮಾವ. ಮಧ್ಯಾಹ್ನದ ಊಟದೊತ್ತಿಗೆ ಸೀರೆ ತಂದು ಕೊಡ್ತೀನಿ.”

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಒಬ್ರೇ ಹೋಗ್ತೀರಾ ಅಳಿಯಂದ್ರೆ? ಬಸ್ಸೈತಲ್ಲ.”

“ನಮ್ಮನ್ನ ಏನಂತ ತಿಳ್ಕೊಂಡೀರಿ?” ಎಂದೆ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಕಾಫಿ ಕುಡಿಯುವುದೊಂದನ್ನು ಬಿಟ್ಟು ನನಗೆ ಬೇರಾವ ಜವಾಬ್ದಾರಿಯನ್ನೂ ಕೊಟ್ಟಿರಲಿಲ್ಲ. ಈ ಒಂದು ಕೆಲಸ ಗೆದ್ದುಕೊಂಡು ಬಂದರೆ ಅಳಿಯನೂ ಲೆಕ್ಕಕ್ಕಿದ್ದಾನೆ ಎಂದು ಅವರು ಒಪ್ಪಲೇಬೇಕಾಗಿತ್ತು. ಮಾವ ಸ್ಕೂಟರಿನ ಕೀಲಿಯನ್ನೂ ಸೀರೆಯ ಬಾಕಿ ದುಡ್ಡನ್ನೂ ಕೊಟ್ಟರು. ಗಿರಿಜಾ ಬಾಗಿಲವರೆಗೆ ಬಂದು, “ಸೀದಾ ಹೋಗಿ ಸೀದಾ ಬರ್ರಿ” ಎಂದಳು.

ಸೀದಾ ಹೋದೆ. ಬಿ.ಜಿ. ಕೆರೆ ದಾಟುವಾಗ ಎದುರುಗಾಳಿಗೆ ಅಂಗಿ ಉಬ್ಬಿ, ನಾನು ಇದ್ದದ್ದಕ್ಕಿಂತ ಎರಡು ಪಟ್ಟು ಕಾಣುತ್ತಿದ್ದೆ. ಒಂಬತ್ತಕ್ಕೆಲ್ಲ ಮೊಳಕಾಲ್ಮೂರಿನಲ್ಲಿದ್ದೆ. ತಿಪ್ಪೇಸ್ವಾಮಿ ಮಗ್ಗದ ಗುಂಡಿಯೊಳಗಿಂದ ತಲೆ ಎತ್ತದೆ, “ಇನ್ನೊಂದು ಮೊಳ ಐತೆ ನೇಯೋದು. ಹನ್ನೆರಡಕ್ಕೆ ಬರ್ರಿ” ಎಂದ.

ಮೂರು ಗಂಟೆ ಪುರುಸೊತ್ತು! ಟೀ ಅಂಗಡಿಯ ಮುಂದೆ ನಿಂತು, ಎದುರಿನ ರಸ್ತೆ ಎಲ್ಲಿಗೆ ಹೋಗುತ್ತದೆಂದು ಸುಮ್ಮನೆ ಕೇಳಿದೆ.

“ರಾಯದುರ್ಗಕ್ಕೆ ಹೋಗ್ತೈತೆ. ಇಲ್ಲೇ, ಒಂದಿಷ್ಟು ದೂರ ಹೋದ್ರೆ ಆಂಧ್ರ.”

ಜೇಬಿನಲ್ಲಿ ದುಡ್ಡಿದೆ, ಸ್ಕೂಟರಿನಲ್ಲಿ ಪೆಟ್ರೋಲಿದೆ, ಯಾಕೆ ಹೋಗುತ್ತೀಯ ಎಂದು ಕೇಳುವವರು ಒಬ್ಬರೂ ಹತ್ತಿರದಲ್ಲಿಲ್ಲ. ಇಂಥ ಮುಹೂರ್ತ ಜೀವನದಲ್ಲಿ ಮತ್ತೆ ಬರುತ್ತದೆಯೇ? ಟೀಯನ್ನು ಅರ್ಧಕ್ಕೇ ಬಿಟ್ಟು ಕಿಕ್ ಹೊಡೆದೆ.

ಗಡಿಯ ಕಲ್ಲು ಬಂದಾಗ ಸ್ಕೂಟರನ್ನು ನಿಧಾನ ಮಾಡಿ, ಒಂದು ಕೈ ಎತ್ತಿ ಆಂಧ್ರಕ್ಕೆ ಅಧಿಕೃತವಾಗಿ ನಮಸ್ಕರಿಸಿದೆ. ಹೊಲದಲ್ಲಿದ್ದ ರೈತನೊಬ್ಬ ತನಗೇ ಇರಬೇಕೆಂದು ತಿರುಗಿ ನಮಸ್ಕಾರ ಮಾಡಿದ. ವಿದೇಶದ ಜನ ಎಷ್ಟು ಸಜ್ಜನರು ಎಂದು ಕಣ್ಣು ತುಂಬಿ ಬಂತು. ನೆಲ ನಮ್ಮ ಕಡೆಯದೇ, ಜಾಲಿ ಗಿಡ ನಮ್ಮ ಕಡೆಯದೇ, ಬಿಸಿಲಂತೂ ಪೂರ್ತಿ ನಮ್ಮದೇ. ಆದರೂ ನನಗೆ ಎಲ್ಲವೂ ಹೊಸದಾಗಿ ಕಂಡಿತು. ಜೋರಾಗಿ ಹಾಡುತ್ತ ಹೋದೆ.

ಒಂದು ಹಳ್ಳಿಯ ಪಕ್ಕ ಕುರಿ ಸಂತೆ ನಡೆದಿತ್ತು. ಅದರ ನಡುವೆ ಸುರುಳಿ ಕೊಂಬಿನ ಕರೀ ಟಗರೊಂದು ನಿಂತಿತ್ತು. ಅದರ ಸುತ್ತ ಹತ್ತಡಿ ಜಾಗ ಖಾಲಿ. ಜನ ಗೌರವದಿಂದ ದೂರ ನಿಂತಿದ್ದಾರೆಂದು ನಾನು ತಿಳಿದೆ. ಯಜಮಾನ, ಒಬ್ಬ ಮುದುಕ, ನನ್ನನ್ನು ನೋಡಿ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹೊದಿಸಿಕೊಂಡು, ಬಾ ಎಂದು ಕರೆದ.

ಈ ಟವೆಲ್ ನನಗೆ ಗೊತ್ತು. ನಮ್ಮಪ್ಪ ಶೇಂಗಾ ವ್ಯಾಪಾರಿ. ಬಟ್ಟೆಯ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ದರ ಹೇಳುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಸುತ್ತ ಇದ್ದವರಿಗೆ ದರ ತಿಳಿಯಬಾರದು, ಅದಕ್ಕೆ ಈ ಏರ್ಪಾಡು. ಟಗರು ನನಗೇನು ಮಾಡಲಿಕ್ಕೆ? ಆದರೆ ಪರದೇಶದಲ್ಲಿ ನಮ್ಮ ಮನೆತನದ ವಿದ್ಯೆ ತೋರಿಸದೆ ಬರುವುದು ಹೇಗೆ? “ನಾನು ಚಳ್ಳಕೆರೆ ಶೇಂಗಾ ವ್ಯಾಪಾರಿ ಮಗ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕೈ ಒಳಗಿಟ್ಟೆ.

ಮುದುಕ ತನ್ನ ದರ ಒತ್ತಿದ. ನಾನು ಅದರ ಕಾಲು ಭಾಗ ಒತ್ತಿದೆ. ಇಷ್ಟು ಕಮ್ಮಿ ಕೇಳಿದರೆ ಯಾರೇ ಆಗಲಿ ಕೈ ಕೊಡವಿ ಬೈಯುತ್ತಾರೆ, ನಾನು ನಗುತ್ತಾ ಮುಂದೆ ಹೋಗುತ್ತೇನೆ ಎಂಬುದು ಲೆಕ್ಕ. ಮುದುಕ ಕೈ ಕೊಡವಲಿಲ್ಲ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

“ಅಯಿಪೋಯಿಂದಿ ಸಾಮಿ,” ಎಂದ. “ಮುಗೀತು. ಟಗರು ನಿಮ್ದೇ.”

“ತಮಾಷೆಗೆ ಕೇಳ್ದೆ ಕಣಜ್ಜ,” ಎಂದೆ.

ಪಕ್ಕದಲ್ಲಿದ್ದವನೊಬ್ಬ ಸಮಾಧಾನವಾಗಿ ಹೇಳಿದ: “ನಾಕು ಜನದ ಮುಂದೆ ಕೈ ಕೊಟ್ಟೀರಿ. ಈಗ ಬಿಟ್ಟು ಹೋದ್ರೆ ನಿಮ್ಮಪ್ಪಾರ ಹೆಸ್ರು ಏನಾಗ್ಬೇಕು?”

ಅಪ್ಪನ ಹೆಸರನ್ನು ಅಲ್ಲಿಗೆ ಎಳೆದು ತಂದವನು ನಾನೇ. ಸೀರೆಯ ದುಡ್ಡಿನಿಂದ ಎಣಿಸಿ ಕೊಟ್ಟೆ. ಮುದುಕ ಹಗ್ಗವನ್ನು ನನ್ನ ಕೈಗಿಟ್ಟು, ಬಹಳ ದಿನದ ಮೇಲೆ ನೆಟ್ಟಗೆ ನಿಂತವನಂತೆ ಮೈ ಮುರಿದ. “ನಾಕು ಸಂತೆ ತಿರುಗಿ ವಾಪಸ್ ಬಂದಿತ್ತು,” ಎಂದ. “ಬೆನ್ನು ತೋರಿಸಬ್ಯಾಡ್ರಿ, ಗುದ್ದತೈತೆ. ಮೋಟಾರ್ ಸದ್ದು ಕೇಳ್ತಿದ್ರೆ ಮಾತ್ರ ಸುಮ್ನಿರ್ತೈತೆ.” ನಾನು ಬೆನ್ನು ತೋರಿಸಿಯಾಗಿತ್ತು. ಸ್ಕೂಟರಿನವರೆಗಿನ ದೂರವನ್ನು ಬಹಳ ಬೇಗ ಕ್ರಮಿಸಿದೆ.

ನಾಲ್ಕು ಜನ ಸೇರಿ ಅದನ್ನು ಸ್ಕೂಟರಿನ ಮುಂದೆ, ಮಕ್ಕಳನ್ನು ನಿಲ್ಲಿಸುವ ಜಾಗದಲ್ಲಿ ಏರಿಸಿ ಕಟ್ಟಿದರು. ಎಂಜಿನ್ ಗುಡುಗುಡು ಎನ್ನುತ್ತಲೇ ಟಗರು ಕಿವಿ ಇಳಿಬಿಟ್ಟು, ದಾರಿ ನೋಡುತ್ತ, ದೊಡ್ಡ ಸಾಹುಕಾರನಂತೆ ನಿಂತಿತು. ಅದರ ಕೊಂಬಿನ ನಡುವಿನಿಂದ ಇಣುಕಿ ನಾನು ರಸ್ತೆ ಹುಡುಕಿಕೊಂಡು ಬಂದೆ.

ಮೊಳಕಾಲ್ಮೂರು ಸೇರಿದಾಗ ಒಂದು ಗಂಟೆ ದಾಟಿತ್ತು. ಎಂಜಿನ್ ನಿಲ್ಲಿಸುವಂತಿರಲಿಲ್ಲ. ತಿಪ್ಪೇಸ್ವಾಮಿಯ ಬಾಗಿಲಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡೇ ಕೂಗಿದೆ. ಆತ ಸೀರೆ ಹಿಡಿದು ಹೊರಗೆ ಬಂದು, ಟಗರನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದ.

“ಬಾಕಿ ದುಡ್ಡು ಸ್ವಲ್ಪ ಕಮ್ಮಿ ಐತೆ. ಮಾವ ಕೊಡ್ತಾರೆ,” ಎಂದೆ. “ಬೇಕಾದ್ರೆ ಈ ಟಗರು ಇಲ್ಲೇ ಇರ್ಲಿ.”

“ಒಳಗೆ ಮಗ್ಗ ಐತೆ ಸ್ವಾಮಿ, ಇದು ಗುದ್ದಿ ಮುರೀತೈತೆ. ನಡೀರಿ ನೀವು. ನಿಮ್ಮ ಮಾವನ ಮುಖ ನೋಡಿ ಸೀರೆ ಕೊಡ್ತಾ ಇದೀನಿ. ನಿಮ್ಮ ಮುಖ ನೋಡಿ ಅಲ್ಲ.”

ಟಗರು ತಿಂದೀತೆಂದು ಸೀರೆಯನ್ನು ಹೊಟ್ಟೆಗೆ ಕಟ್ಟಿ ಮೇಲೆ ಅಂಗಿ ಹಾಕಿಕೊಂಡೆ. ಆಮೇಲೆ ದಾರಿಯುದ್ದಕ್ಕೂ ಟಗರನ್ನು ದಾನ ಮಾಡಲು ಪ್ರಯತ್ನಪಟ್ಟೆ. ಯಾರೂ ಹತ್ತಿರ ಬರಲಿಲ್ಲ. ಬಿ.ಜಿ. ಕೆರೆ ಹತ್ತಿರ ಕುರಿ ಕಾಯುತ್ತಿದ್ದವನೊಬ್ಬ ಆಸೆಯಿಂದ ಓಡಿ ಬಂದ. ಬಂದವನು ಟಗರಿನ ಮುಖ ನೋಡಿ, “ಇದು ಅದಲ್ವಾ?” ಎಂದವನೇ ಅದೇ ವೇಗದಲ್ಲಿ ವಾಪಸ್ ಓಡಿದ. ನಾನು ಗಡಿಯಾಚೆಯ ಒಬ್ಬ ಪ್ರಖ್ಯಾತನನ್ನು ಕರೆತರುತ್ತಿದ್ದೇನೆ ಎಂದು ಆಗ ಗೊತ್ತಾಯಿತು.

ಮಾವನ ಮನೆಯ ಬೀದಿ ತಿರುಗಿದಾಗ ಐದು ಗಂಟೆ. ಗಂಡಿನ ಕಡೆಯವರು ಆಗಷ್ಟೇ ಜೀಪಿನಿಂದ ಇಳಿಯುತ್ತಿದ್ದರು. ಸರಿಯಾಗಿ ಬಾಗಿಲ ಮುಂದೆ ಪೆಟ್ರೋಲ್ ಮುಗಿದು ಎಂಜಿನ್ ನಿಂತಿತು. ಟಗರು ಹಗ್ಗ ಕಿತ್ತುಕೊಂಡು ಕೆಳಗೆ ಹಾರಿ, ರಂಗೋಲಿಯ ನಡುವೆ ಹೋಗಿ ನಿಂತಿತು.

ಎರಡೂ ಕಡೆಯವರು ವಿಭೂತಿ ಹಚ್ಚುವ ಜನ. ಮೊಟ್ಟೆ ಎಂಬ ಶಬ್ದ ಕೂಡ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ಅಂಥ ಮನೆಗೆ, ಶುಭಕಾರ್ಯದ ದಿನ, ಬೀಗರು ಬಂದಿಳಿಯುವ ಹೊತ್ತಿಗೆ, ಅಳಿಯ ಟಗರು ಹೊತ್ತು ತಂದಿದ್ದಾನೆ! ಗಂಡಿನ ಅಜ್ಜಿ ಅಲ್ಲೇ ನಿಂತುಬಿಟ್ಟರು.

“ನಿಮ್ಮನ್ಯಾಗೆ ಇದೂ ನಡೀತೈತೇನಪ್ಪಾ?” ಎಂದು ಮಾವನನ್ನು ಕೇಳಿದರು.

ಬಾಗಿಲ ಸಂದಿಯಲ್ಲಿ ಹಳೇ ಸೀರೆ ಉಟ್ಟು ಕಾಯುತ್ತಿದ್ದ ಉಮಾಳ ಮುಖ ಕಂಡಿತು. ಆ ಹುಡುಗಿಯ ಸಂಬಂಧ ನನ್ನ ಕೈಯಾರೆ ಮುರಿದು ಬೀಳುತ್ತಿದೆ ಎನಿಸಿ ನನಗೆ ನಿಜವಾಗಿಯೂ ಅಳು ಬಂತು.

ಮಾವ ಒಂದು ಸಲ ಟಗರನ್ನು ನೋಡಿದರು, ಒಂದು ಸಲ ನನ್ನ ಉಬ್ಬಿದ ಹೊಟ್ಟೆಯನ್ನು ನೋಡಿದರು. ಆಮೇಲೆ ಮೆತ್ತಗೆ ಹೇಳಿದರು: “ಸಾಕಾಕೆ ತಂದವ್ರೆ ಅವ್ವಾ. ನಮ್ಮ ಅಳಿಯಂದಿರಿಗೆ ಮೂಕ ಪ್ರಾಣಿ ಅಂದ್ರೆ ಜೀವ. ಕಟುಕರ ಕೈಗೆ ಹೋಗ್ತಿತ್ತಂತೆ, ಬಿಡಿಸ್ಕಂಡು ಬಂದವ್ರೆ.”

“ಹೌದೇನಪ್ಪಾ?” ಎಂದರು ಅಜ್ಜಿ.

“ಹೌದ್ರಿ,” ಎಂದು ಹೋಗಿ ಟಗರಿನ ಕುತ್ತಿಗೆ ತಬ್ಬಿಕೊಂಡೆ. ಅಷ್ಟು ದೂರ ನಿಂತು ಬಂದ ಸುಸ್ತಿಗೋ ಏನೋ, ಅದು ಗುದ್ದಲಿಲ್ಲ. ನನ್ನ ಕಿವಿ ನೆಕ್ಕಿತು.

ಅಜ್ಜಿಯ ಮುಖ ಅರಳಿತು. “ಎಂಥಾ ಮನಸಪ್ಪಾ ನಿಂದು. ಮದುವೇಗೆ ಬಂದಾಗಲೂ ಇದನ್ನ ನೋಡ್ತೀನಿ. ಹಬ್ಬಕ್ಕೆ ಬಂದಾಗಲೂ ನೋಡ್ತೀನಿ” ಎಂದು ಒಳಗೆ ನಡೆದರು. ಗಿರಿಜಾ ನನ್ನನ್ನು ಪಕ್ಕಕ್ಕೆ ಎಳೆದು, ಅಂಗಿಯೊಳಗಿಂದ ಸೀರೆ ಬಿಚ್ಚಿಕೊಂಡು ಒಳಗೆ ಓಡಿದಳು.

ಅಜ್ಜಿ ಮಾತಿನಂತೆ ಮದುವೆಗೂ ನೋಡಿದರು, ಹಬ್ಬಕ್ಕೂ ನೋಡಿದರು. ಗಟ್ಟಿ ಜೀವ ಅವರದು. ಟಗರಿನದು ಇನ್ನೂ ಗಟ್ಟಿ. ಅದು ನನ್ನ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಒಂದು ಎಳೆ ಹುಲ್ಲು ಮುಟ್ಟುತ್ತಿರಲಿಲ್ಲ. ಬೇರೆ ಯಾರಾದರೂ ಹತ್ತಿರ ಹೋದರೆ ಅವರನ್ನು ಮುಟ್ಟುತ್ತಿತ್ತು. ಹೀಗಾಗಿ ಒಂಬತ್ತು ವರ್ಷ ನಾನು ಚಳ್ಳಕೆರೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿಯಲಿಲ್ಲ. ನೆಂಟರು ಬಂದರೆ ಮೊದಲು ಟಗರಿನ ಆರೋಗ್ಯ ವಿಚಾರಿಸುತ್ತಿದ್ದರು. ಹೊತ್ತು ಉಳಿದರೆ ನನ್ನದು.

ಟಗರು ಬಂದ ಮಾರನೇ ವರ್ಷ ಎಲ್ಲರೂ ಸೇರಿ ವ್ಯಾನು ಮಾಡಿಕೊಂಡು ಶ್ರೀಶೈಲಕ್ಕೆ ಹೊರಟರು. ಆಂಧ್ರ! ನಾನು ಹುಲ್ಲಿನ ಹೊರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮಾವ ವ್ಯಾನು ಹತ್ತಿದವರು ಮತ್ತೆ ಇಳಿದು ಬಂದು, ಜೇಬಿನಿಂದ ಸ್ಕೂಟರಿನ ಕೀಲಿ ತೆಗೆದು ನನ್ನ ಕೈಗಿಟ್ಟರು.

“ಇದು ಇನ್ಮೇಲೆ ನಿಮ್ಮತ್ರಾನೇ ಇರ್ಲಿ ಅಳಿಯಂದ್ರೆ,” ಎಂದರು. “ಈಗ ಭಯ ಇಲ್ಲ. ನೀವು ಎಲ್ಲಿಗೂ ಹೋಗಂಗಿಲ್ಲವಲ್ಲ.”